ನಮ್ಮ ಮನೆಯ ವಿಡಿಯೊಗಳಿಗೆ ಯಾವ ಪುಟ್ಟ ಕಂಪ್ಯೂಟರ್?

ತೊಂಬತ್ತರ ದಶಕದಲ್ಲಿ ಮದುವೆಯಾದವರ ಮನೆಯ ಬೀರುವಿನಲ್ಲಿ ಒಂದು ವಿಎಚ್‌ಎಸ್ ಕ್ಯಾಸೆಟ್ ಇರುತ್ತದೆ. ಆಮೇಲಿನವರ ಮನೆಯಲ್ಲಿ ಸಿ.ಡಿ., ಡಿವಿಡಿ, ಈಚಿನವರದು ಪೆನ್‌ಡ್ರೈವ್. ಕರಾವಳಿ, ಮಲೆನಾಡಿನ ಮನೆಗಳಲ್ಲಾದರೆ ಇವುಗಳ ಜೊತೆಗೆ ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್‌ಗಳು, ಯಾರೋ ರಾತ್ರಿಯಿಡೀ ಎದ್ದು ಕೂತು ಮುದ್ರಿಸಿಕೊಂಡ ತಾಳಮದ್ದಲೆಗಳು. ಊರ ಜಾತ್ರೆ, ಅಜ್ಜಿಯ ಸೋಬಾನೆ ಪದ, ಮಗುವಿನ ನಾಮಕರಣ ಎಲ್ಲವೂ ಹಳೆಯ ಫೋನು, ಹಳೆಯ ಲ್ಯಾಪ್‌ಟಾಪುಗಳಲ್ಲಿ ಚದುರಿ ಬಿದ್ದಿವೆ. ಹಜಾರದ ಗೋಡೆಯ ಮೇಲೆ ದೊಡ್ಡ ಟಿವಿ ಇದೆ. ಅದರಲ್ಲಿ ಸಾವಿರಾರು ಸಿನಿಮಾ ಸಿಗುತ್ತವೆ, ನಮ್ಮದೇ ಮನೆಯ ಮದುವೆ ಸಿಗುವುದಿಲ್ಲ.

ಈ ಕೊರತೆಯನ್ನು ನೀಗಿಸಲು ಅಂಗೈಯಗಲದ ಒಂದು ಕಂಪ್ಯೂಟರ್ ಸಾಕು. ಟಿವಿಯ ಹಿಂದೆಯೋ ರೌಟರಿನ ಪಕ್ಕದಲ್ಲೋ ಅದನ್ನು ಇಟ್ಟು, ಮನೆಯ ಹಾಡು, ಚಿತ್ರ, ವಿಡಿಯೊಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಸೇರಿಸಿಬಿಟ್ಟರೆ ಯಾವ ಕೋಣೆಯಲ್ಲಿ ಕೂತರೂ ರಿಮೋಟಿನಲ್ಲಿ ಹುಡುಕಿ ನೋಡಬಹುದು. ಆದರೆ ಮಾರುಕಟ್ಟೆಗೆ ಹೋದವರಿಗೆ ಎದುರಾಗುವುದು ಹತ್ತಾರು ಹೆಸರು, ನೂರಾರು ಮಾಡೆಲ್. ಅಂಗಡಿಯವರು ಪ್ರೊಸೆಸರ್ ಎಷ್ಟು ವೇಗ, ರ್‍ಯಾಮ್ ಎಷ್ಟು ಎಂದು ಹೇಳುತ್ತಾರೆ. ಈ ಕೆಲಸಕ್ಕೆ ಅವೆರಡೂ ಮುಖ್ಯವಲ್ಲ. ಮೊದಲು ನೋಡಬೇಕಾದದ್ದು ನಿಮ್ಮಲ್ಲಿರುವ ಫೈಲ್‌ಗಳನ್ನು. ಅವು ಯಾವ ಬಗೆಯವು ಎಂಬುದೇ ಯಾವ ಪೆಟ್ಟಿಗೆ ಬೇಕು ಎಂದು ಹೇಳುತ್ತದೆ. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ.

ಅದಕ್ಕೂ ಮುಂಚೆ ಒಂದು ನಿರೀಕ್ಷೆಯನ್ನು ಬದಿಗಿಡಬೇಕು. ನೆಟ್‌ಫ್ಲಿಕ್ಸ್, ಪ್ರೈಮ್‌ನಂಥ ಒಟಿಟಿ ನೋಡುವುದಕ್ಕಾಗಿಯೇ ಪುಟ್ಟ ಕಂಪ್ಯೂಟರ್ ಕೊಳ್ಳುವುದು ದಂಡ. ಈ ಸೇವೆಗಳು ಚಿತ್ರಗಳನ್ನು ಬೀಗ ಹಾಕಿ ಕಳಿಸುತ್ತವೆ. ವೈಡ್‌ವೈನ್ ಎಂಬ ಬೀಗದಲ್ಲಿ ಹಲವು ಮಟ್ಟಗಳಿದ್ದು, ಪೂರ್ಣ ಗುಣಮಟ್ಟದ ಕೀಲಿ ಸಿಗುವುದು ಆ ಕಂಪನಿಗಳ ಒಪ್ಪಿಗೆ ಪಡೆದ ಟಿವಿ, ಸ್ಟಿಕ್ ಮತ್ತು ಫೋನುಗಳಿಗೆ. ಲಿನಕ್ಸ್ ಹಾಕಿದ ಕಂಪ್ಯೂಟರಿನ ಬ್ರೌಸರಿನಲ್ಲಿ 4ಕೆ ಬರುವುದೇ ಇಲ್ಲ. ವಿಂಡೋಸಿನಲ್ಲೂ ನೂರೆಂಟು ಷರತ್ತು. ನಾಲ್ಕೈದು ಸಾವಿರದ ಸ್ಟಿಕ್ ಮಾಡುವ ಕೆಲಸವನ್ನು ಮೂರು ಪಟ್ಟು ಬೆಲೆಯ ಕಂಪ್ಯೂಟರ್ ಮಾಡಲಾರದು. ಒಟಿಟಿ ಟಿವಿಯಲ್ಲೋ ಸ್ಟಿಕ್ಕಿನಲ್ಲೋ ಇರಲಿ. ಪುಟ್ಟ ಕಂಪ್ಯೂಟರ್ ನಮ್ಮದೇ ದಾಖಲೆಗಳಿಗೆ, ನಾವು ಕೊಂಡ ಹಾಡು, ಡಿಸ್ಕುಗಳಿಗೆ ಇರಲಿ. ಕದ್ದು ಇಳಿಸಿಕೊಂಡ ಸಿನಿಮಾಗಳ ವಿಷಯ ನಾನು ಎತ್ತುವುದಿಲ್ಲ. ಕನ್ನಡದ ಸಣ್ಣ ನಿರ್ಮಾಪಕರು ಅದರಿಂದ ಎಷ್ಟು ಸೊರಗಿದ್ದಾರೆಂದು ಎಲ್ಲರಿಗೂ ಗೊತ್ತು.

ಇನ್ನು ಫೈಲ್‌ಗಳ ಮಾತು. ಫುಲ್ ಎಚ್‌ಡಿ ವಿಡಿಯೊ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳ ಚಿತ್ರ, ಸೆಕೆಂಡಿಗೆ 25 ಬಾರಿ. ಇದನ್ನು ಕುಗ್ಗಿಸದೆ ಹಾಗೇ ಇಟ್ಟರೆ ಒಂದು ಗಂಟೆಯ ವಿಡಿಯೊಗೆ ಸುಮಾರು 280 ಜಿಬಿ ಜಾಗ ಬೇಕು. ನಮ್ಮ ಫೋನಿನಲ್ಲಿ ಅದೇ ಒಂದು ಗಂಟೆ ನಾಲ್ಕಾರು ಜಿಬಿಯೊಳಗೆ ಕೂರುವುದು ಕೋಡೆಕ್‌ನ ಕರಾಮತ್ತು. ಒಂದು ಚಿತ್ರಕ್ಕೂ ಮುಂದಿನದಕ್ಕೂ ಏನು ಬದಲಾಯಿತೋ ಅಷ್ಟನ್ನೇ ಬರೆದಿಟ್ಟುಕೊಳ್ಳುವ ಲೆಕ್ಕಾಚಾರ ಅದು. ಕಾಲ ಕಳೆದಂತೆ ಈ ಲೆಕ್ಕ ಹೆಚ್ಚು ಹೆಚ್ಚು ಜಟಿಲವಾಗಿದೆ. ಡಿವಿಡಿಯಲ್ಲಿ ಇದ್ದದ್ದು ಎಂಪೆಗ್-2. 2003ರಲ್ಲಿ ಎಚ್.264 ಬಂತು, ಇಂದಿಗೂ ಅತಿ ಹೆಚ್ಚು ಕಾಣಸಿಗುವುದು ಅದೇ. 2013ರಲ್ಲಿ ಎಚ್‌ಇವಿಸಿ, ಅದೇ ವರ್ಷ ಗೂಗಲ್‌ನ ವಿಪಿ9. 2018ರಲ್ಲಿ ರಾಯಧನವಿಲ್ಲದೆ ಯಾರು ಬೇಕಾದರೂ ಬಳಸಬಹುದಾದ ಎವಿ1.

ಕುಗ್ಗಿಸಿದ್ದನ್ನು ನೋಡುವಾಗ ಮತ್ತೆ ಬಿಡಿಸಬೇಕಲ್ಲ, ಆ ಕೆಲಸವನ್ನು ಪ್ರೊಸೆಸರಿನ ತಲೆಗೆ ಕಟ್ಟಬಹುದು, ಇಲ್ಲವೆ ಅದಕ್ಕೆಂದೇ ಚಿಪ್ಪಿನೊಳಗೆ ಮಾಡಿರುವ ಡಿಕೋಡರ್‌ಗೆ ಒಪ್ಪಿಸಬಹುದು. ಡಿಕೋಡರ್ ಇದ್ದರೆ 4ಕೆ ಚಿತ್ರ ಕೆಲವೇ ವಾಟ್ ವಿದ್ಯುತ್ತಿನಲ್ಲಿ ನೀರು ಹರಿದಂತೆ ಓಡುತ್ತದೆ. ಇಲ್ಲದಿದ್ದರೆ ಇಂಥ ಪುಟ್ಟ ಯಂತ್ರದ ಪ್ರೊಸೆಸರ್ ಬಿಸಿಯಾಗಿ, ಫ್ಯಾನ್ ಕಿರುಚಿ, ಚಿತ್ರ ತಡವರಿಸುತ್ತದೆ. ಅದಕ್ಕೇ ಗಿಗಾಹರ್ಟ್ಸ್ ಕೇಳಬೇಡಿ, ಯಾವ ಯಾವ ಕೋಡೆಕ್‌ಗೆ ಡಿಕೋಡರ್ ಇದೆ ಎಂದು ಕೇಳಿ.

ನಮ್ಮ ಮನೆಗಳ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ಹಳೆಯ ಡಿವಿಡಿ, ವಿಎಚ್‌ಎಸ್‌ನಿಂದ ಇಳಿಸಿದ ವಿಡಿಯೊಗಳನ್ನು ಇಂದಿನ ಯಾವ ಯಂತ್ರವೂ ಓಡಿಸುತ್ತದೆ. ತೊಂದರೆ ಕೊಡುವುದು ಹೊಸ ಫೋನಿನ ವಿಡಿಯೊಗಳು. ಐಫೋನ್ 2017ರಿಂದಲೇ ಎಚ್‌ಇವಿಸಿಯಲ್ಲಿ ಮುದ್ರಿಸುತ್ತಿದೆ. 2020ರ ಐಫೋನ್ 12ರಿಂದೀಚೆಗೆ ಅದು ಬಣ್ಣಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಹಿಡಿಯುವ 10 ಬಿಟ್‌ನ ಎಚ್‌ಡಿಆರ್ ಕೂಡ. ಮಗನೋ ಮಗಳೋ ಅಂಥ ಫೋನಿನಲ್ಲಿ ತೆಗೆದ ಗೃಹಪ್ರವೇಶದ ವಿಡಿಯೊ ಹಳೆಯ ಕಂಪ್ಯೂಟರಿನಲ್ಲಿ ಹಾಕಿದಾಗ ಬಣ್ಣ ಕಳೆದುಕೊಂಡು ಮಂಕಾಗಿಯೋ ತುಂಡುತುಂಡಾಗಿಯೋ ಕಾಣುವುದಕ್ಕೆ ಇದೇ ಕಾರಣ. ಆದ್ದರಿಂದ 10 ಬಿಟ್ ಎಚ್‌ಇವಿಸಿ ಡಿಕೋಡರ್ ಇಂದು ಇರಲೇಬೇಕು. ಎವಿ1 ಇದ್ದರೆ ಮುಂದಿನ ವರ್ಷಗಳಿಗೆ ಒಳ್ಳೆಯದು.

ಈ ಅಳತೆಗೋಲು ಹಿಡಿದು ಮಾರುಕಟ್ಟೆಗೆ ಇಳಿದರೆ ನಿಜವಾಗಿ ಉಳಿಯುವುದು ಮೂರು ದಾರಿ.

ಮೊದಲನೆಯದು ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ರೂಪಿಸಿದ ಹಲಗೆ ಇದು. 2012ರ ಫೆಬ್ರುವರಿ 29ರಂದು 35 ಡಾಲರ್ ಬೆಲೆಗೆ ಬಂದಾಗ ಅದನ್ನು ಮುಗಿಬಿದ್ದು ಕೊಂಡವರಲ್ಲಿ ಟಿವಿಗೆ ಜೋಡಿಸುವವರೂ ಇದ್ದರು. ಅದಕ್ಕೆ ತಕ್ಕ ತಂತ್ರಾಂಶವೂ ಸಿದ್ಧವಾಗಿತ್ತು. ಮೈಕ್ರೊಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದು ಹವ್ಯಾಸಿಗಳು ಬರೆದ ಎಕ್ಸ್‌ಬಿಎಂಸಿ, 2014ರಲ್ಲಿ ಕೋಡಿ ಎಂಬ ಹೆಸರು ಪಡೆದು ಇಂದಿಗೂ ಉಚಿತವಾಗಿ ಸಿಗುತ್ತದೆ. ಪೈ ಮತ್ತು ಕೋಡಿಯ ಜೋಡಿಗೆ ನನಗೆ ವಿಶೇಷ ಮಮತೆ ಇದೆ. ಕಾರಣ, ಎಚ್‌ಡಿಎಂಐ ತಂತಿಯ ಮೂಲಕವೇ ಟಿವಿಯ ರಿಮೋಟ್ ಪೈಯನ್ನೂ ನಡೆಸುತ್ತದೆ. ಸಿಇಸಿ ಎಂಬ ಈ ಸೌಲಭ್ಯ ಬಹುಪಾಲು ಮಿನಿ ಪಿಸಿಗಳಲ್ಲಿ ಇಲ್ಲ. ಅಜ್ಜ ಅಜ್ಜಿಯರಿಗೆ ಮೌಸು, ಕೀಲಿಮಣೆ ಕೊಟ್ಟು ನೋಡಿ ಎಂದರೆ ಅವರು ನೋಡುವುದಿಲ್ಲ. ಕೈಯಲ್ಲಿರುವ ರಿಮೋಟೇ ಸಾಕು ಎಂದರೆ ನೋಡುತ್ತಾರೆ.

ಪೈಯ ಮಿತಿಗಳನ್ನೂ ಹೇಳಬೇಕು. 2019ರ ಪೈ 4ರಲ್ಲಿ ಎಚ್.264ಕ್ಕೂ ಎಚ್‌ಇವಿಸಿಗೂ ಡಿಕೋಡರ್ ಇತ್ತು. 2023ರ ಪೈ 5ರಲ್ಲಿ ಎಚ್‌ಇವಿಸಿಯನ್ನು ಉಳಿಸಿಕೊಂಡು ಎಚ್.264ರ ಡಿಕೋಡರನ್ನು ಕೈಬಿಟ್ಟರು. ಪ್ರೊಸೆಸರ್ ಗಟ್ಟಿಯಾಗಿರುವುದರಿಂದ ಫುಲ್ ಎಚ್‌ಡಿಯ ಎಚ್.264 ಸಲೀಸಾಗಿಯೇ ಓಡುತ್ತದೆ, ಚಿಂತೆಯಿಲ್ಲ. ಆದರೆ ವಿಪಿ9, ಎವಿ1 ಎರಡಕ್ಕೂ ಡಿಕೋಡರ್ ಇಲ್ಲ. ವಿಡಿಯೊವನ್ನು ಹೊಸದಾಗಿ ಕುಗ್ಗಿಸುವ ಎನ್‌ಕೋಡರ್ ಕೂಡ ಇಲ್ಲ. ಇನ್ನು ಬರೀ ಹಲಗೆ ಕೊಂಡರೆ ಆಗಲಿಲ್ಲ. 5 ವೋಲ್ಟ್ 5 ಆಂಪಿಯರ್‌ನ ಅಡಾಪ್ಟರ್, ಕವಚ, ಫ್ಯಾನ್, ಮೆಮೊರಿ ಕಾರ್ಡ್ ಎಲ್ಲ ಸೇರಿಸಿ ಬಿಲ್ ಕೂಡಿಸಿದಾಗ ಮಿನಿ ಪಿಸಿಯ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಸಾಧಾರಣ ಫೋನ್ ಚಾರ್ಜರ್ ಹಾಕಿದರೆ ಯುಎಸ್‌ಬಿ ಪೋರ್ಟುಗಳಿಗೆ ಒಟ್ಟು 600 ಮಿಲಿ ಆಂಪಿಯರ್ ಮಾತ್ರ ಕೊಡುತ್ತದೆ, ಹಾರ್ಡ್ ಡಿಸ್ಕ್ ಅಷ್ಟರಲ್ಲಿ ನೆಟ್ಟಗೆ ತಿರುಗುವುದಿಲ್ಲ. ಒಂದೇ ಟಿವಿಗೆ ತೋರಿಸುವ ಯಂತ್ರವಾಗಿ ಪೈ ಚೆನ್ನ. ಇಡೀ ಮನೆಗೆ ಹಂಚುವ ಯಂತ್ರವಾಗಿ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ತೋರಿಸುವುದು ಬೇರೆ, ಹಂಚುವುದು ಬೇರೆ ಎಂಬುದನ್ನು ಇಲ್ಲೇ ಬಿಡಿಸಿ ಹೇಳಬೇಕು. ಕೋಡಿ ತಾನು ಜೋಡಿಸಿಕೊಂಡ ಟಿವಿಗೆ ತೋರಿಸುತ್ತದೆ. ಜೆಲ್ಲಿಫಿನ್, ಪ್ಲೆಕ್ಸ್‌ನಂಥವು ಮನೆಯ ಎಲ್ಲ ಟಿವಿ, ಫೋನುಗಳಿಗೂ ಹಂಚುತ್ತವೆ. ಎಂಬಿ ಎಂಬ ತಂತ್ರಾಂಶ ತನ್ನ ಮೂಲ ಸಂಕೇತವನ್ನು ಮುಚ್ಚಿಟ್ಟುಕೊಂಡಾಗ ಅದನ್ನು ಒಪ್ಪದವರು 2018ರ ಕೊನೆಯಲ್ಲಿ ಹೊರಬಂದು ಕಟ್ಟಿದ್ದು ಜೆಲ್ಲಿಫಿನ್. ಅದರಲ್ಲಿ ಯಾವುದಕ್ಕೂ ಹಣ ಕೊಡಬೇಕಿಲ್ಲ. ಪ್ಲೆಕ್ಸ್‌ನಲ್ಲಿ ಚಿಪ್ಪಿನ ಎನ್‌ಕೋಡರ್ ಬಳಸುವುದಕ್ಕೆ ಚಂದಾ ಬೇಕು. ಮನೆಮಂದಿಯ ದಾಖಲೆಗಳನ್ನು ಯಾವ ಕಂಪನಿಯ ಖಾತೆಗೂ ಕಟ್ಟಿಹಾಕದೆ ಇಡಬೇಕೆನ್ನುವವರಿಗೆ ಜೆಲ್ಲಿಫಿನ್ನೇ ಸರಿ. ಆಂಡ್ರಾಯ್ಡ್ ಟಿವಿ, ಎಲ್‌ಜಿ ಟಿವಿಗಳಲ್ಲಿ ಅದರ ಆ್ಯಪ್ ಇದೆ.

ಹಂಚುವಾಗ ಒಂದು ತೊಡಕು ಬರುತ್ತದೆ. ನೋಡುವ ಸಾಧನಕ್ಕೆ ಫೈಲಿನ ಕೋಡೆಕ್ ತಿಳಿಯದಿದ್ದರೆ, ಅಥವಾ ಇಂಟರ್ನೆಟ್ ನಿಧಾನವಿದ್ದರೆ, ಕಂಪ್ಯೂಟರ್ ಆ ಕ್ಷಣವೇ ವಿಡಿಯೊವನ್ನು ಬಿಡಿಸಿ ಬೇರೆ ರೂಪದಲ್ಲಿ ಮತ್ತೆ ಕಟ್ಟಿ ಕಳಿಸಬೇಕು. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ಶಿವಮೊಗ್ಗದ ಮನೆಯಲ್ಲಿರುವ ಪೆಟ್ಟಿಗೆಯಿಂದ ಅಮೆರಿಕದಲ್ಲಿರುವ ಮಗಳು ತಂಗಿಯ ಸೀಮಂತದ ವಿಡಿಯೊ ನೋಡಬೇಕಾದರೆ ಇದು ಬೇಕೇ ಬೇಕು, ಏಕೆಂದರೆ ನಮ್ಮ ಮನೆಯಿಂದ ಹೊರಹೋಗುವ ಅಪ್‌ಲೋಡ್ ವೇಗವೇ ಅಲ್ಲಿ ಗಡಿ. ನಮ್ಮಲ್ಲಿ ಅನೇಕ ಇಂಟರ್ನೆಟ್ ಕಂಪನಿಗಳು ಹಲವು ಮನೆಗಳಿಗೆ ಒಂದೇ ಹೊರವಿಳಾಸ ಹಂಚುವುದರಿಂದ ಹೊರಗಿನಿಂದ ಮನೆಯ ಕಂಪ್ಯೂಟರಿಗೆ ನೇರ ದಾರಿ ಇರುವುದಿಲ್ಲ. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದ ಆ್ಯಪ್ ಎರಡೂ ತುದಿಯಲ್ಲಿ ಹಾಕಿಕೊಂಡರೆ ದಾರಿ ತೆರೆಯುತ್ತದೆ.

ಟ್ರಾನ್ಸ್‌ಕೋಡಿಂಗ್ ಬೇಕೆಂದ ಕೂಡಲೇ ಎರಡನೆಯ ದಾರಿ ಎದ್ದು ಕಾಣುತ್ತದೆ: ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ. 2023ರ ಆರಂಭದಲ್ಲಿ ಬಂದ ಈ ಚಿಪ್ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಿಗೆಂದು ಮಾಡಿದ್ದು. ನಾಲ್ಕು ಕೋರ್, 6 ವಾಟ್‌ನ ವರ್ಗ. ಕಾಗದದ ಮೇಲೆ ಬಡಕಲಾಗಿ ಕಾಣುತ್ತದೆ. ಆದರೆ ಅದರೊಳಗಿನ ವಿಡಿಯೊ ಭಾಗ ಹೊಸ ತಲೆಮಾರಿನದು. ಎಚ್.264, 10 ಬಿಟ್ ಎಚ್‌ಇವಿಸಿ, ವಿಪಿ9, ಎವಿ1 ಎಲ್ಲವನ್ನೂ ಬಿಡಿಸುತ್ತದೆ, ಎಚ್.264 ಮತ್ತು ಎಚ್‌ಇವಿಸಿಗೆ ಎನ್‌ಕೋಡರ್ ಕೂಡ ಇದೆ. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ದರೆ ಈ ಕೆಲಸಕ್ಕೆ ಧಾರಾಳವಾಯಿತು. ಇದರ ತಮ್ಮ ಎನ್150 ಸಿಕ್ಕರೂ ಕೊಳ್ಳಬಹುದು, ವ್ಯತ್ಯಾಸ ಅಲ್ಪ. ನೋಡಬೇಕಾದ ವಿಷಯ ಬೇರೆ ಇದೆ: ಎಚ್‌ಡಿಎಂಐ 2.0 ಇದೆಯೇ, ಗಿಗಾಬಿಟ್ ಲ್ಯಾನ್ ಇದೆಯೇ, ಒಳಗೊಂದು ಹೆಚ್ಚುವರಿ ಡಿಸ್ಕ್ ಕೂರಿಸಲು ಜಾಗವಿದೆಯೇ, ಕೆಟ್ಟರೆ ಭಾರತದಲ್ಲಿ ವಾರಂಟಿ ಕೊಡುವವರು ಯಾರು. ಹೆಸರು ಗೊತ್ತಿಲ್ಲದ ಎಷ್ಟೋ ಬ್ರಾಂಡುಗಳು ಇದೇ ಚಿಪ್ ಹಾಕಿ ಮಾರುತ್ತವೆ. ಚಿಪ್ ಒಂದೇ ಆದರೂ ಅಡಾಪ್ಟರು, ಎಸ್‌ಎಸ್‌ಡಿ, ಫ್ಯಾನಿನ ಗುಣಮಟ್ಟ ಒಂದೇ ಅಲ್ಲ.

ಮೂರನೆಯ ದಾರಿ ಬೆಂಗಳೂರಿಗೆ ಸಹಜವಾಗಿ ಒದಗಿ ಬಂದದ್ದು. ಕಚೇರಿಗಳಲ್ಲಿ ಮಾನಿಟರಿನ ಹಿಂದೆ ತೂಗುಹಾಕುವ, ಒಂದು ಲೀಟರ್ ಗಾತ್ರದ ಕಂಪ್ಯೂಟರುಗಳಿವೆ: ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಲೆನೊವೊ ಥಿಂಕ್‌ಸೆಂಟರ್ ಟೈನಿ. ಕಂಪನಿಗಳು ಕೆಲ ವರ್ಷ ಬಳಸಿ ಬಿಟ್ಟ ಇವು ಶುಚಿಯಾಗಿ ಮರುಮಾರಾಟಕ್ಕೆ ಬರುತ್ತವೆ, ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಸಿಗುತ್ತವೆ. ಇವುಗಳ ಕಟ್ಟುಮಸ್ತು ಹೊಸ ಅಗ್ಗದ ಪೆಟ್ಟಿಗೆಗಳಿಗಿಲ್ಲ. ಬಿಡಿಭಾಗ ಸುಲಭ, ಬಿಚ್ಚಿ ದೂಳು ಒರೆಸುವುದು ಸುಲಭ.

ಆದರೆ ಇಲ್ಲಿ ಪ್ರೊಸೆಸರಿನ ತಲೆಮಾರು ನೋಡಿಕೊಂಡೇ ಕೊಳ್ಳಬೇಕು. ಇಂಟೆಲ್‌ನ 6ನೇ ತಲೆಮಾರು 8 ಬಿಟ್ ಎಚ್‌ಇವಿಸಿಗೆ ನಿಲ್ಲುತ್ತದೆ. 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಪೂರ್ಣವಾಗಿ ಬಂದದ್ದು 7ರಲ್ಲಿ. ಎವಿ1 ಬೇಕೆಂದರೆ 11 ಅಥವಾ ಅದರ ಮೇಲಿನದಕ್ಕೆ ಹೋಗಬೇಕು. ಐ5 7500ಟಿ ಎಂದಿದ್ದರೆ ಮೊದಲ 7 ತಲೆಮಾರು, ಕೊನೆಯ ಟಿ ಎಂದರೆ 35 ವಾಟ್‌ನ ಮಿತವ್ಯಯದ ಮಾದರಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು 8ನೇ ತಲೆಮಾರು ಅಥವಾ ಅದರ ಮೇಲಿನದನ್ನು. ಹಾಗಾಗಿ 7ರ ಯಂತ್ರಗಳು ಕಚೇರಿಗೆ ಬೇಡವಾಗಿವೆ. ಲಿನಕ್ಸ್ ಹಾಕಿ ಜೆಲ್ಲಿಫಿನ್ ನಡೆಸುವವರಿಗೆ ಅವು ಇನ್ನೂ ಹಲವು ವರ್ಷ ದುಡಿಯುತ್ತವೆ. ಟಿವಿಗೆ ನೇರ ಜೋಡಿಸುವುದಾದರೆ ಮತ್ತೊಂದು ಎಚ್ಚರಿಕೆ ಬೇಕು. ಇವುಗಳಲ್ಲಿ ಎಷ್ಟೋ ಯಂತ್ರಗಳಿಗೆ ಇರುವುದು ಡಿಸ್‌ಪ್ಲೇಪೋರ್ಟ್ ಮಾತ್ರ. ಎಚ್‌ಡಿಎಂಐ ಇದ್ದರೂ ಹಳೆಯ 1.4. ಅದರಲ್ಲಿ 4ಕೆ ಸೆಕೆಂಡಿಗೆ 30 ಚಿತ್ರಕ್ಕೆ ನಿಲ್ಲುತ್ತದೆ. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಬದಲಿಸುವ ಆ್ಯಕ್ಟಿವ್ ಅಡಾಪ್ಟರ್ ಕೊಂಡುಕೊಳ್ಳಬೇಕಾಗುತ್ತದೆ.

ಮನೆಯಲ್ಲೇ ಇರುವ ಹಳೆಯ ಡೆಸ್ಕ್‌ಟಾಪ್ ಸಾಲದೇ ಎಂದು ಕೇಳುವವರಿದ್ದಾರೆ. ಹಗಲೂ ರಾತ್ರಿ ಓಡುವ ಯಂತ್ರವಾದ್ದರಿಂದ ಉತ್ತರ ವಿದ್ಯುತ್ ಮೀಟರಿನಲ್ಲಿದೆ. 60 ವಾಟ್ ಹೀರುವ ಡೆಸ್ಕ್‌ಟಾಪ್ ತಿಂಗಳಿಗೆ 43 ಯೂನಿಟ್ ತಿನ್ನುತ್ತದೆ. 10 ವಾಟ್‌ನ ಮಿನಿ ಪಿಸಿ 7 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ಹೆಚ್ಚಿನ ಮನೆಗಳಿಗೆ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಸರಾಸರಿ 90 ಯೂನಿಟ್ ಇದ್ದ ಮನೆಗೆ 99ರವರೆಗೆ ಬಿಲ್ ಇಲ್ಲ. ಮಿನಿ ಪಿಸಿಯ 7 ಯೂನಿಟ್ ಆ ಅಂಚಿನೊಳಗೇ ಕೂರುತ್ತದೆ, ಡೆಸ್ಕ್‌ಟಾಪಿನ 43 ಕೂರುವುದಿಲ್ಲ.

ವಿದ್ಯುತ್ ಹೋಗಿ ಬರುವ ಊರುಗಳಲ್ಲಿ ಇನ್ನೆರಡು ಜಾಗ್ರತೆ ಬೇಕು. ಇನ್ವರ್ಟರ್ ಇದ್ದರೆ ಅದರ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಿರುಗಿಸಿಡಿ, ಇಲ್ಲದಿದ್ದರೆ ಬದಲಾಗುವ ಆ ಚಿಟಿಕೆ ಹೊತ್ತಿನಲ್ಲೇ ಕಂಪ್ಯೂಟರ್ ಆರಿಹೋಗಬಹುದು. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ, ಕರೆಂಟ್ ಮರಳಿದಾಗ ತಾನಾಗಿಯೇ ಆನ್ ಆಗುವ ಆಯ್ಕೆಯನ್ನು ಹಾಕಿಸಿಕೊಳ್ಳಿ. ಕಪಾಟಿನ ಹಿಂದಿರುವ ಗುಂಡಿ ಒತ್ತಲು ವಯಸ್ಸಾದವರು ಬಗ್ಗುವಂತಾಗಬಾರದು. ಪದೇಪದೇ ಕರೆಂಟ್ ಹೋಗುವಲ್ಲಿ ಮೆಮೊರಿ ಕಾರ್ಡ್ ನಂಬಬೇಡಿ, ಬರೆಯುತ್ತಿರುವಾಗ ಆರಿದರೆ ಅದು ಬೇಗ ಕೆಡುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಟಿವಿ ಕಪಾಟಿನೊಳಗೆ ಪೆಟ್ಟಿಗೆಯನ್ನು ಮುಚ್ಚಿಡಬಾರದು.

ಚಿತ್ರದ ಗುಣಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ನಮ್ಮ ದೇಶದಲ್ಲಿ ಮನೆಯ ವಿಎಚ್‌ಎಸ್, ಡಿವಿಡಿಗಳು ಸಾಮಾನ್ಯವಾಗಿ ಪಾಲ್ ಪದ್ಧತಿಯವು. ಸೆಕೆಂಡಿಗೆ 50 ಅರ್ಧಚಿತ್ರಗಳು, ಒಂದು ಬಿಟ್ಟು ಒಂದು ಗೆರೆ. ಅವನ್ನು ಬೆಸೆದು ತೋರಿಸದಿದ್ದರೆ ಯಕ್ಷಗಾನದ ವೇಷ ಗಿರಕಿ ಹೊಡೆಯುವಾಗ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಕೋಡಿಯಲ್ಲಿ ಡಿಇಂಟರ್‌ಲೇಸ್ ಆಯ್ಕೆ ಹಾಕಿ, ಟಿವಿಯ ಲಯ ವಿಡಿಯೊಗೆ ತಕ್ಕಂತೆ 50 ಹರ್ಟ್ಸ್‌ಗೆ ಬದಲಾಗುವಂತೆ ಮಾಡಿ. ಸಿನಿಮಾಗಳು 24ರ ಲಯದವು, ಅವಕ್ಕೂ ಅದೇ ಸೆಟ್ಟಿಂಗ್ ನೆರವಾಗುತ್ತದೆ. ಹಾಗೆಯೇ ಕನ್ನಡದ ಕಡತನಾಮಗಳು, ಸಬ್‌ಟೈಟಲ್‌ಗಳು ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತವೆಯೇ ನೋಡಿ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಅಜ್ಜಿಯ ಹಾಡಿಗೆ ಇಂಟರ್ನೆಟ್ಟಿನಲ್ಲಿ ಪೋಸ್ಟರ್ ಸಿಗುವುದಿಲ್ಲ. ಅವನ್ನು ಸಿನಿಮಾ ವಿಭಾಗಕ್ಕೆ ಸೇರಿಸದೆ ಮನೆಯ ವಿಡಿಯೊ ಎಂಬ ಬೇರೆ ಸಂಗ್ರಹದಲ್ಲಿಟ್ಟು ಇಸವಿ, ಊರು, ಹಾಡಿದವರ ಹೆಸರು ಕನ್ನಡದಲ್ಲೇ ಬರೆದಿಡಿ. ಹೆಸರು ಗೊತ್ತಿರುವ ಹಿರಿಯರು ಇರುವಾಗಲೇ ಬರೆದಿಡಿ.

ಇದರಲ್ಲಿ ಕಾಲದ ಒತ್ತಡವೂ ಇದೆ. ಜಗತ್ತಿನಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ನಮ್ಮ ಕರಾವಳಿಯ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಒಂದು ಗಂಟೆಯ ಆಡಿಯೊ ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ ಇಳಿಸಿದರೆ 635 ಎಂಬಿ, ಫ್ಲ್ಯಾಕ್ ರೂಪದಲ್ಲಿ ಅದರ ಅರ್ಧದಷ್ಟು. ಡಿವಿಡಿ ಗುಣಮಟ್ಟದ ವಿಡಿಯೊ ಗಂಟೆಗೆ ಎರಡು ಮೂರು ಜಿಬಿ. ಐಫೋನಿನ 4ಕೆ ವಿಡಿಯೊ ನಿಮಿಷಕ್ಕೆ 170 ಎಂಬಿಯಂತೆ ಗಂಟೆಗೆ 10 ಜಿಬಿ. ಸಾಮಾನ್ಯ ಕುಟುಂಬದ ಬದುಕಿಗೆ 2 ಟಿಬಿ ಡಿಸ್ಕ್ ಸಾಕಾಗುತ್ತದೆ. ಆದರೆ ಎರಡು ಡಿಸ್ಕ್ ಬೇಕು. ಒಂದು ಪೆಟ್ಟಿಗೆಗೆ ಜೋಡಿಸಿರಲಿ, ಇನ್ನೊಂದು ತಿಂಗಳಿಗೊಮ್ಮೆ ನಕಲು ಮಾಡಿ ಬೇರೆ ಮನೆಯಲ್ಲಿಡುವಂಥದ್ದು. ತಿರುಗುವ ಡಿಸ್ಕ್ ಒಂದು ದಿನ ಕೆಟ್ಟೇ ಕೆಡುತ್ತದೆ.

ನನ್ನ ತೀರ್ಪು ಇಷ್ಟು. ಒಂದೇ ಟಿವಿ, ಹಿರಿಯರೇ ಹೆಚ್ಚು ನೋಡುವ ಮನೆ ಎಂದಾದರೆ ಪೈ ಮತ್ತು ಕೋಡಿ. ಎರಡು ಮೂರು ಟಿವಿ, ದೂರದೂರಿನಲ್ಲಿ ಮಕ್ಕಳಿದ್ದರೆ ಎನ್100 ಅಥವಾ ಎನ್150 ಮಿನಿ ಪಿಸಿಯಲ್ಲಿ ಜೆಲ್ಲಿಫಿನ್. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಆಸಕ್ತಿ ಇದ್ದರೆ 7 ಅಥವಾ 8ನೇ ತಲೆಮಾರಿನ ಮರುಮಾರಾಟದ ಯಂತ್ರ. ಐ7, 32 ಜಿಬಿ ರ್‍ಯಾಮ್ ಎಂದು ಆಸೆ ತೋರಿಸಿದರೆ ಒಪ್ಪಬೇಡಿ, ಆ ಹಣವನ್ನು ಎರಡನೆಯ ಡಿಸ್ಕಿಗೆ ಹಾಕಿ. ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಮೂರು ಫೈಲ್ ಒಯ್ಯಿರಿ: ಒಂದು ಹಳೆಯ ಡಿವಿಡಿಯದು, ಒಂದು ಹೊಸ ಫೋನಿನ 4ಕೆ ವಿಡಿಯೊ, ಒಂದು ಕನ್ನಡ ಸಬ್‌ಟೈಟಲ್ ಇರುವುದು. 4ಕೆ ಟಿವಿಗೆ ಜೋಡಿಸಿ ಮೂರನ್ನೂ ಓಡಿಸಿ ತೋರಿಸಿ ಎನ್ನಿ. ತೋರಿಸಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.